ಕಿತ್ತೂರಿಗೆ ಸಾಂಬ್ರಾ ಹತ್ತಿರವೋ, ಹುಬ್ಬಳ್ಳಿ ಹತ್ತಿರವೋ?

ನಮ್ಮೂರು ಕಿತ್ತೂರು. ಜಿಲ್ಲೆ ಬೆಳಗಾವಿ, ಆದರೆ ದವಾಖಾನೆಗೆ, ಸೀರೆಗೆ ಹೋಗುವುದು ಧಾರವಾಡಕ್ಕೆ. ಹಾಗಾಗಿ ನಾನು ಬೆಂಗಳೂರಿನಿಂದ ವಿಮಾನದಲ್ಲಿ ಬರುತ್ತೇನೆ ಎಂದ ಕೂಡಲೇ ಮನೆಯಲ್ಲಿ ಎರಡು ಪಕ್ಷ. ಕಾಕಾ ಸಾಂಬ್ರಾ ಕಡೆ, ಅಂದರೆ ಬೆಳಗಾವಿಯ ವಿಮಾನ ನಿಲ್ದಾಣದ ಕಡೆ; ಅವ್ವ ಹುಬ್ಬಳ್ಳಿ ಕಡೆ. ಎರಡೂ ಮನೆಯಿಂದ ಸುಮಾರು 50 ಕಿ.ಮೀ. ನಾನು ಎರಡರಲ್ಲೂ ಸಾಕಷ್ಟು ಸಲ ಇಳಿದಿದ್ದೇನೆ.

ಕಟ್ಟಡ ನೋಡಿ ಆರಿಸುತ್ತೇನೆ ಎಂದರೆ ಆಗದು. ಎರಡಕ್ಕೂ 2017ರಲ್ಲೇ ಹೊಸ ಟರ್ಮಿನಲ್ ಬಂತು. ಎರಡರ ರನ್‌ವೇಯೂ 2,300 ಮೀಟರ್. ಎರಡು ಕಡೆಯೂ ನಾನು ಇಳಿದು ನಡೆದೇ ಒಳಗೆ ಹೋಗಿದ್ದೇನೆ. 2024ರ ಮಾರ್ಚ್‌ನಲ್ಲಿ ಇನ್ನೂ ದೊಡ್ಡ ಟರ್ಮಿನಲ್‌ಗಳಿಗೆ ಅಡಿಗಲ್ಲು ಬಿದ್ದದ್ದೂ ಒಂದೇ ದಿನ. ವಯಸ್ಸಿನಲ್ಲಿ ಮಾತ್ರ ಸಾಂಬ್ರಾ ದೊಡ್ಡಣ್ಣ. 1942ರಲ್ಲಿ ಯುದ್ಧದ ಹೊತ್ತಿಗೆ ಬ್ರಿಟಿಷರ ವಾಯುಪಡೆ ಕಟ್ಟಿದ್ದು. ಈಗಲೂ ಪಕ್ಕದಲ್ಲೇ ವಾಯುಪಡೆಯ ತರಬೇತಿ ಶಾಲೆ ಇದೆ.

ವ್ಯತ್ಯಾಸ ಗೊತ್ತಾಗುವುದು ಗೇಟಿನ ಹೊರಗೆ. ಹುಬ್ಬಳ್ಳಿಯದು ಗೋಕುಲ ರಸ್ತೆಯಲ್ಲಿದೆ. ಊರು ಸುತ್ತುವ ಕೆಲಸವಿಲ್ಲದೆ ಬೈಪಾಸ್ ಹಿಡಿಯಬಹುದು. ಆದರೆ ನರೇಂದ್ರದಿಂದ ಗಬ್ಬೂರಿನವರೆಗಿನ ಆ ಬೈಪಾಸ್ ಹೆಸರು ಕೇಳಿದರೆ ನಮ್ಮ ಕಡೆಯವರಿಗೆ ಎದೆ ಝಲ್ಲೆನ್ನುತ್ತದೆ. ಎರಡೇ ಲೇನ್ ಇದ್ದಾಗ ಅಲ್ಲಿ ಹೋದ ಜೀವಗಳು ಒಂದೆರಡಲ್ಲ. ಅಗಲ ಮಾಡುವ ಕೆಲಸ ಶುರುವಾದ ಮೇಲೆ ಧೂಳು ಜಾಸ್ತಿ, ವೇಗ ಕಡಿಮೆ. ಅದೂ ಒಳ್ಳೆಯದೇ ಅನ್ನಿ. ಸಾಂಬ್ರಾ ಇರುವುದು ಬೆಳಗಾವಿಯ ಆಚೆ, ಬಾಗಲಕೋಟೆ ರಸ್ತೆಯಲ್ಲಿ. ನಾನು ಬಂದಾಗಲೆಲ್ಲ ಊರಿನ ಗದ್ದಲ ದಾಟಿಯೇ ಹೆದ್ದಾರಿಗೆ ಬಂದಿದ್ದೇನೆ. ಒಂದು ಸಂಜೆ ಅಷ್ಟಕ್ಕೇ 50 ನಿಮಿಷ ಹೋಯಿತು. ವಿಮಾನ ಹಾರಿದ್ದು ಒಂದು ಗಂಟೆ!

ಹಾಗಾದರೆ ಹುಬ್ಬಳ್ಳಿಗೇ ಅಂಕ ಅಲ್ವಾ? ಬೆಂಗಳೂರಿನಿಂದ ಬರುವುದಾದರೆ ಹೌದು. ಆದರೂ ಕಾಕಾ ಒಪ್ಪುವುದಿಲ್ಲ. 2018ರಲ್ಲಿ ಬೆಳಗಾವಿಯ ವಿಮಾನಗಳನ್ನು ಕಿತ್ತು ಹುಬ್ಬಳ್ಳಿಗೆ ಒಯ್ದ ಸಿಟ್ಟು ಅವರಿಗೆ ಇನ್ನೂ ಇಳಿದಿಲ್ಲ. ಅದಕ್ಕೆ ಕಾರಣ ಉಡಾನ್. ಶುರುವಿನಲ್ಲಿ ಸುಮಾರು ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಮಿತಿ ಹಾಕಿ, ವಿಮಾನದ ಅರ್ಧದಷ್ಟು ಸೀಟುಗಳ ನಷ್ಟವನ್ನು ಸರ್ಕಾರ ತುಂಬಿಕೊಡುವ ಯೋಜನೆ. ಹುಬ್ಬಳ್ಳಿ ಅದರೊಳಗೆ ಮೊದಲು ಸೇರಿತು. ದುಡ್ಡು ಇದ್ದ ಕಡೆ ವಿಮಾನ ಹೋಯಿತು. ಬೆಳಗಾವಿಗೆ ಪಾಳಿ ಬಂದದ್ದು 2019ರಲ್ಲಿ, ಮೂರನೇ ಸುತ್ತಿನಲ್ಲಿ. ಈ ನೆರವು ಒಂದು ಮಾರ್ಗಕ್ಕೆ ಮೂರೇ ವರ್ಷ. ಆಮೇಲೆ ಸೀಟು ತುಂಬದಿದ್ದರೆ ಆ ಮಾರ್ಗ ಸುಮ್ನೆ ಮಾಯ. ಹೋದ ವರ್ಷ ಇದ್ದ ವಿಮಾನ ಈ ವರ್ಷವೂ ಇರುತ್ತದೆ ಎಂದು ಮದುವೆ ದಿನ ಗೊತ್ತು ಮಾಡಬೇಡಿ. ನಾವು ಮಾಡಿ ಕೆಟ್ಟಿದ್ದೇವೆ.

ಕೂರುವ ಸುಖದಲ್ಲಿ ನನ್ನ ಮತ ಸಾಂಬ್ರಾಕ್ಕೆ. ಅಲ್ಲಿಂದ ಸ್ಟಾರ್ ಏರ್‌ನ ಚಿಕ್ಕ ಎಂಬ್ರೇಯರ್ ಜೆಟ್‌ನಲ್ಲಿ ಹೋಗಿದ್ದೆ. ಒಂದು ಬದಿಗೆ ಒಂದೇ ಸೀಟು. ಕಿಟಕಿಯೂ ನಿಮ್ಮದೇ, ಓಡಾಡುವ ದಾರಿಯೂ ನಿಮ್ಮದೇ. ಹುಬ್ಬಳ್ಳಿಗೆ ನನಗೆ ಸಿಕ್ಕಿದ್ದು ಹೆಚ್ಚಾಗಿ ಎಟಿಆರ್, ರೆಕ್ಕೆಯ ಮೇಲೆ ಪಂಖಾ ತಿರುಗುವ ಚಿಕ್ಕ ವಿಮಾನ. ಅವ್ವ ಅದನ್ನು ಪಂಖಾ ವಿಮಾನ ಅನ್ನುತ್ತಾಳೆ. ಮಳೆಗಾಲದಲ್ಲಿ ಎರಡೂ ಒಂದೇ. ಒಂದು ಜುಲೈನಲ್ಲಿ ಹುಬ್ಬಳ್ಳಿಯ ಮೋಡದ ಮೇಲೆ ಗಿರಕಿ ಹೊಡೆದು ಮತ್ತೆ ದೇವನಹಳ್ಳಿಗೇ ವಾಪಸ್ ಬಂದಿದ್ದೆ.

ಶಿವಮೊಗ್ಗಕ್ಕೂ ಒಮ್ಮೆ ಹೋಗಿದ್ದೆ. 3,200 ಮೀಟರ್ ರನ್‌ವೇ, ಕಮಲದ ಆಕಾರದ ಟರ್ಮಿನಲ್. ಅಷ್ಟು ದೊಡ್ಡ ಕಣದಲ್ಲಿ ನಮ್ಮ ಎಟಿಆರ್ ಒಂದು ಗುಬ್ಬಿಯ ಹಾಗೆ ಕೂತಿತ್ತು. ಮೈಸೂರಿನ ಮಂಡಕಳ್ಳಿಯದು ಇದಕ್ಕೆ ಉಲ್ಟಾ. ಜನ ಇದ್ದಾರೆ, ರನ್‌ವೇ 1,740 ಮೀಟರ್ ಮಾತ್ರ.

ನಿಜ ಹೇಳಬೇಕೆಂದರೆ, ಒಬ್ಬನೇ ಬರುವಾಗ ನಾನು ಯಾವ ವಿಮಾನವನ್ನೂ ಹತ್ತುವುದಿಲ್ಲ. ಜಯನಗರದಿಂದ ದೇವನಹಳ್ಳಿ ತಲುಪಲು ಎರಡು ಗಂಟೆ, ಅಲ್ಲಿ ಕಾಯಲು ಒಂದೂವರೆ. ಹಾರಿ ಇಳಿದು ಮನೆ ಮುಟ್ಟುವಾಗ ಆರು ಗಂಟೆ ಆಗಿರುತ್ತದೆ. ಸ್ಲೀಪರ್ ಬಸ್ಸಿನಲ್ಲಿ ರಾತ್ರಿ ಮಲಗಿದರೆ ಬೆಳಿಗ್ಗೆ ಕಿತ್ತೂರು ಕ್ರಾಸ್. ರೈಲು ನಮ್ಮೂರಿಗೆ ಇಲ್ಲ. ಧಾರವಾಡದಿಂದ ಬೆಳಗಾವಿಗೆ ಹಳಿ ಲೋಂಡಾ ಸುತ್ತಿ ಹೋಗುತ್ತದೆ.

ಈ ಎರಡು ನಿಲ್ದಾಣಗಳು ನಮಗೆ ನಿಜವಾಗಿ ಒದಗುವುದು ಬೆಂಗಳೂರಿಗಲ್ಲ, ಬೆಂಗಳೂರನ್ನು ತಪ್ಪಿಸಲು. ಮುಂದಿನ ತಿಂಗಳು ಅವ್ವನನ್ನು ಹೈದರಾಬಾದಿಗೆ, ತಂಗಿ ಮನೆಗೆ ಕರೆದುಕೊಂಡು ಹೋಗಬೇಕು. ಟಿಕೆಟ್ ಸಾಂಬ್ರಾದಿಂದ ತೆಗೆದಿದ್ದೇನೆ. ಅವ್ವನಿಗೆ ಇನ್ನೂ ಹೇಳಿಲ್ಲ.