ಜೊತೆಯೋದು, ಮರುಓದು, ಆಡಿಯೊ: ಓದಲು ಅಳುಕುವ ಮಗುವಿಗೆ ಯಾವುದು ಮೊದಲು?

ಮನೆಯಲ್ಲೇ ಕಲಿಯುವ ಮಗು ಓದಿನಲ್ಲಿ ಹಿಂದೆ ಬಿದ್ದರೆ ಸಾಮಾನ್ಯವಾಗಿ ಮೂರು ದಾರಿ ಹಿಡಿಯುತ್ತೇವೆ. ಮಗುವಿನ ಜೊತೆ ನಾವೂ ದನಿಗೂಡಿಸಿ ಓದುವುದು, ಒಂದೇ ಪುಟ್ಟ ಭಾಗವನ್ನು ಮತ್ತೆ ಮತ್ತೆ ಓದಿಸುವುದು, ಆಡಿಯೊ ಹಾಕಿ ಪುಸ್ತಕ ನೋಡಲು ಹೇಳುವುದು. ಮೂರನ್ನೂ ಮಾಡಿ ನೋಡಿದ ಮೇಲೆ ನಮ್ಮ ತೀರ್ಮಾನ ಇಷ್ಟು: ಪುಸ್ತಕ ಕಂಡರೆ ಮುಖ ತಿರುಗಿಸುವ ಮಗುವಿಗೆ ಜೊತೆಯೋದು, ಹೆದರಿಕೆ ಹೋಗಿ ತಡವರಿಕೆ ಮಾತ್ರ ಉಳಿದಿದ್ದರೆ ಮರುಓದು. ಆಡಿಯೊ ಬರೀ ಕೊಸರು.

ಜೊತೆಯೋದಿಗೆ ಪುಸ್ತಕವನ್ನು ಮಗುವೇ ಆರಿಸಲಿ. ಎದುರಿಗಲ್ಲ, ಪಕ್ಕದಲ್ಲಿ ಕೂತು ಇಬ್ಬರೂ ಒಟ್ಟಿಗೆ ಗಟ್ಟಿಯಾಗಿ ಓದಬೇಕು. ತಾನೇ ಓದುತ್ತೇನೆ ಅನಿಸಿದಾಗ ಮಗು ಮೇಜು ತಟ್ಟಲಿ, ಅದೇ ಸಂಕೇತ ಎಂದು ಮೊದಲೇ ಹೇಳಿಡಿ. ಆ ಕ್ಷಣವೇ ನೀವು ಸುಮ್ಮನಾಗಬೇಕು. ತಪ್ಪಿದರೆ, ಅಥವಾ ಮನಸ್ಸಿನಲ್ಲೇ ನಾಲ್ಕು ಎಣಿಸಿದರೂ ಪದ ಹೊರಡದಿದ್ದರೆ, ನೀವೇ ಹೇಳಿಬಿಡಿ. ಮಗು ಅದನ್ನು ಒಮ್ಮೆ ಹೇಳಲಿ, ಮತ್ತೆ ಜೊತೆಯಾಗಿ ಮುಂದೆ. ‘ನಿನ್ನೆ ತಾನೇ ಹೇಳಿಕೊಟ್ಟಿದ್ದೆ’ ಎಂಬ ಮಾತು ಮಾತ್ರ ಬೇಡ. ದಿನಕ್ಕೆ 10 ನಿಮಿಷ, ವಾರಕ್ಕೆ 5 ದಿನ ಸಾಕು.

ಇದು ಕೆಡುವುದು ದೊಡ್ಡವರ ವೇಗದಿಂದ. ಮಗು ಅರ್ಧ ಪದ ಹಿಂದೆ ಉಳಿದು ನಿಮ್ಮ ದನಿಯನ್ನೇ ಹಿಂಬಾಲಿಸುತ್ತದೆ. ಅದು ಕೇಳುವುದು, ಓದುವುದಲ್ಲ. ವಾಕ್ಯದ ನಡುವೆ ತಟ್ಟನೆ ನಿಲ್ಲಿಸಿ ನೋಡಿ. ಮಗುವೂ ನಿಂತರೆ ನಿಮ್ಮ ದನಿ ತಗ್ಗಬೇಕು, ವೇಗವೂ ತಗ್ಗಬೇಕು.

ಮರುಓದು 1979ರಲ್ಲಿ ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಜೇ ಸ್ಯಾಮ್ಯುಯೆಲ್ಸ್ ಬರೆದ ಲೇಖನದಿಂದ ಹೆಸರಾದ ಪದ್ಧತಿ. ಅಕ್ಷರ ಬಿಡಿಸುವುದರಲ್ಲೇ ಗಮನವೆಲ್ಲ ಖರ್ಚಾದರೆ ಅರ್ಥಕ್ಕೆ ಏನೂ ಉಳಿಯದು ಎಂಬುದು ಅದರ ಹಿಂದಿನ ತರ್ಕ. ಕನ್ನಡದ ಪದಗಳು ಉದ್ದ; 40–50 ಪದಗಳ ಭಾಗ ಸಾಕು, ಮೂರು ನಾಲ್ಕು ಸಲ. ಮೊದಲ ಓದಿನಲ್ಲಿ ಐದಾರಕ್ಕಿಂತ ಹೆಚ್ಚು ತಪ್ಪು ಬಂದರೆ ಭಾಗವೇ ಕಷ್ಟದ್ದು, ಬದಲಿಸಿ. ಸ್ಟಾಪ್‌ವಾಚ್ ತೋರಿಸಬೇಡಿ, ಗಾಬರಿಯಲ್ಲಿ ಮಗು ಪದ ನುಂಗುತ್ತದೆ. ತಪ್ಪುಗಳನ್ನಷ್ಟೇ ನಿಮ್ಮ ಹಾಳೆಯಲ್ಲಿ ಗುರುತಿಸಿಕೊಳ್ಳಿ.

ಜೊತೆಯೋದಿನಲ್ಲಿ ಸಿಗದ ಲಾಭ ಇಲ್ಲೇ ಇರುವುದು: ತಪ್ಪಿನ ಜಾಡು ಸಿಗುತ್ತದೆ. ‘ಅಕ್ಕ’, ‘ಹಬ್ಬ’ ಸರಾಗವಾಗಿ ಓದುವ ಮಗು ‘ಅನ್ನ’, ‘ಹತ್ತು’ ಬಂದಾಗ ನಿಂತರೆ ಕಾರಣ ಸ್ಪಷ್ಟ: ಕ, ಬ ಒತ್ತುಗಳು ಮೂಲಾಕ್ಷರವನ್ನು ಹೋಲುತ್ತವೆ, ನ, ತ ಒತ್ತುಗಳು ಹೋಲುವುದಿಲ್ಲ. ‘ಸೂರ್ಯ’ವನ್ನು ‘ಸೂಯರ’ ಎಂದರೆ ಅದು ಅಜಾಗರೂಕತೆಯಲ್ಲ. ಅರ್ಕಾವೊತ್ತನ್ನು ಬರೆಯುವುದು ಯ ಆದಮೇಲೆ, ಉಚ್ಚರಿಸುವುದು ಮೊದಲು. ಮಗು ಕಂಡದ್ದನ್ನು ಕಂಡ ಕ್ರಮದಲ್ಲೇ ಓದಿದೆ, ಪಾಪ. ಅಂಥ ಐದು ಪದ ಚೀಟಿಯಲ್ಲಿ ಬರೆದು ಓದಿಸಿ, ಆಮೇಲೆ ಮತ್ತೆ ಭಾಗಕ್ಕೆ ಬನ್ನಿ.

ಬಾಯಿಪಾಠವಾಗಿದೆಯೋ ಎಂಬ ಅನುಮಾನ ಬಂದರೆ ಕೊನೆಯ ವಾಕ್ಯದಿಂದ ಹಿಂದಕ್ಕೆ ಓದಿಸಿ.

ಆಡಿಯೊದ ತೊಂದರೆ, ಅದು ಮಗುವಿಗಾಗಿ ಕಾಯುವುದಿಲ್ಲ. ವೇಗ 0.75ಕ್ಕೆ ಇಳಿಸಿ, ಸಾಲಿನ ಕೆಳಗೆ ಬೆರಳು ಓಡಿಸಲು ಹೇಳಿ; ಬೆರಳು ನಿಂತರೆ ಆಡಿಯೊ ನಿಲ್ಲಿಸಿ.

ಬಿಡಿ ಅಕ್ಷರಗಳೇ, ಅಂದರೆ ಮ–ವ, ಪ–ಷ, ನ–ಸ, ಅದಲು ಬದಲಾಗುತ್ತಿದ್ದರೆ ಈ ಮೂರೂ ದಾರಿಗಳನ್ನು ಬದಿಗಿಟ್ಟು ಒಮ್ಮೆಗೆ ಒಂದು ಜೋಡಿ ಹಿಡಿದು ಕಾಗುಣಿತಕ್ಕೆ ಹಿಂದಿರುಗಿ. ಆ ದಿನಗಳಲ್ಲಿ ಕಥೆಯನ್ನು ನೀವೇ ಓದಿ ಹೇಳಿ.