ಅರೆತಲೆನೋವು: ಮನೆಯ ಮದ್ದು, ಗುಡ್ಡದ ಮದ್ದು

ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ಮೇಲಿಂದ ಹಾಯ್ದು ಹೋಗುವ ಹಳೆಯ ಕಾಲುದಾರಿಯಲ್ಲಿ, ಒಂದು ಫೆಬ್ರುವರಿಯ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ, ನನ್ನ ಎಡಗಡೆಯ ನೋಟದ ಅಂಚಿನಲ್ಲಿ ಗರಗಸದ ಹಲ್ಲುಗಳಂಥ ಹೊಳೆಯುವ ಗೆರೆಯೊಂದು ಮೂಡಿತು. ಕೆಂಪು ಕಲ್ಲಿನ ಮೇಲೆ ಮುಂದಿನ ಹೆಜ್ಜೆ ಇಡಬೇಕಾದ ಜಾಗವೇ ಆ ಗೆರೆಯ ಹಿಂದೆ ಮಾಯವಾಯಿತು. ಹದಿನೆಂಟನೆಯ ವಯಸ್ಸಿನಿಂದ ಅರೆತಲೆನೋವನ್ನು ಬಲ್ಲ ನನಗೆ, ಇನ್ನು ಅರ್ಧ ಗಂಟೆಯೊಳಗೆ ಬಲಗಣ್ಣಿನ ಹಿಂದೆ ನೋವು ಶುರುವಾಗುತ್ತದೆ, ಅದರ ಬೆನ್ನಿಗೇ ಹೊಟ್ಟೆ ತೊಳಸುತ್ತದೆ ಎಂಬುದು ಗೊತ್ತಿತ್ತು. ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಾಗಿದ್ದರೆ ಗುಳಿಗೆ ನುಂಗಿ, ಕಿಟಕಿಗೆ ಪರದೆ ಎಳೆದು ಮಲಗಿಬಿಡುತ್ತಿದ್ದೆ. ಗುಡ್ಡದ ನೆತ್ತಿಯ ಮೇಲೆ ಕತ್ತಲೆ ಕೋಣೆ ಎಲ್ಲಿಂದ ಬರಬೇಕು? ಅಂದು ಚೀಲದಲ್ಲಿದ್ದುದು ಅರ್ಧ ಬಾಟಲಿ ನೀರು ಮತ್ತು ಒಂದು ನೋವಿನ ಗುಳಿಗೆ ಮಾತ್ರ. ಮಹಾಕೂಟ ಮುಟ್ಟುವಷ್ಟರಲ್ಲಿ ಎರಡು ಸಲ ವಾಂತಿಯಾಗಿ, ಕೊನೆಯ ಇಳಿಜಾರನ್ನು ತಮ್ಮನ ಭುಜ ಹಿಡಿದು ಇಳಿದೆ.

ಆ ದಿನದಿಂದ ಪ್ರತಿಯೊಂದು ಉಪಾಯವನ್ನೂ ಎರಡು ಕಡೆ ತೂಗಿ ನೋಡುವ ರೂಢಿ ಮಾಡಿಕೊಂಡೆ. ಮನೆಯಲ್ಲಿ ಅದು ಹೇಗೆ ಕೆಲಸ ಮಾಡಿತು, ನಡಿಗೆಯಲ್ಲಿ ಹೇಗೆ ಕೆಲಸ ಮಾಡಿತು ಎಂಬುದನ್ನು ಒಂದು ನೋಟುಬುಕ್ಕಿನ ಎರಡು ಕಾಲಂಗಳಲ್ಲಿ ಏಳು ವರ್ಷಗಳಿಂದ ಬರೆದಿಡುತ್ತಿದ್ದೇನೆ. ಎರಡೂ ಕಾಲಂಗಳ ಫಲಿತಾಂಶ ಬಹುತೇಕ ಒಂದೇ ಆಗಿರುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಇಲ್ಲಿ ಬರುವ ಔಷಧಗಳೆಲ್ಲ ನರರೋಗ ತಜ್ಞರು ನನ್ನನ್ನು ಪರೀಕ್ಷಿಸಿ ಬರೆದುಕೊಟ್ಟವು. ನನಗೆ ಹೃದಯದ ತೊಂದರೆಯಿಲ್ಲ, ರಕ್ತದೊತ್ತಡವಿಲ್ಲ, ಅಸ್ತಮಾ ಇಲ್ಲ. ಇವುಗಳಲ್ಲಿ ಒಂದಿದ್ದರೂ ಲೆಕ್ಕ ಪೂರ್ತಿ ಬದಲಾಗುತ್ತದೆ, ಆದ್ದರಿಂದ ಯಾರೂ ಇದನ್ನು ಓದಿ ಅಂಗಡಿಗೆ ಹೋಗಬಾರದು.

ಮೊದಲು ನೋವು ಬಂದಾಗ ನುಂಗುವ ಗುಳಿಗೆಗಳ ಮಾತು. ಪ್ಯಾರಾಸಿಟಮಾಲ್‌ನ 650 ಮಿಲಿಗ್ರಾಂ ಗುಳಿಗೆ ನಮ್ಮ ಕಡೆಯ ಎಲ್ಲ ಮನೆಗಳಲ್ಲೂ ಇರುತ್ತದೆ. ನೋವಿನ ಮೊದಲ ಹದಿನೈದು ನಿಮಿಷದೊಳಗೆ ಒಂದು ಕಪ್ ಗಟ್ಟಿ ಚಹಾದೊಂದಿಗೆ ತೆಗೆದುಕೊಂಡಾಗ ನನ್ನ ಸಣ್ಣ ನೋವುಗಳನ್ನು ಅದು ತಡೆದದ್ದುಂಟು, ಏಕೆಂದರೆ ಚಹಾದ ಕೆಫೀನ್ ನೋವಿನ ಗುಳಿಗೆಗೆ ಸ್ವಲ್ಪ ಬಲ ಕೊಡುತ್ತದೆ. ತಡವಾದರೆ ಅದರಿಂದ ಪ್ರಯೋಜನವಿಲ್ಲ. ಎರಡನೆಯದು ನ್ಯಾಪ್ರೋಕ್ಸೆನ್ 500 ಮಿಲಿಗ್ರಾಂ ಜೊತೆಗೆ ಡೊಂಪೆರಿಡೋನ್ 10 ಮಿಲಿಗ್ರಾಂ ಸೇರಿದ ಗುಳಿಗೆ. ಅರೆತಲೆನೋವು ಏರಿದಾಗ ಜಠರದ ಚಲನೆ ನಿಧಾನವಾಗಿ, ನುಂಗಿದ ಔಷಧ ಅಲ್ಲಿಯೇ ಉಳಿದುಬಿಡುತ್ತದೆ. ಡೊಂಪೆರಿಡೋನ್ ಅದನ್ನು ಮುಂದೆ ಸರಿಸುತ್ತದೆ, ವಾಕರಿಕೆಯನ್ನೂ ತಗ್ಗಿಸುತ್ತದೆ. ಮನೆಯ ಕಾಲಂನಲ್ಲಿ ಈ ಗುಳಿಗೆಗೆ ನಾನು ಕೊಟ್ಟಿರುವ ಅಂಕ ಬಹಳ ಹೆಚ್ಚು: ಊಟ ಮಾಡಿ, ನೀರು ಕುಡಿದು, ಇದನ್ನು ನುಂಗಿ ಮಲಗಿದರೆ ಎರಡು ಗಂಟೆಯಲ್ಲಿ ಎದ್ದು ಕೆಲಸ ಮಾಡಬಹುದಾಗಿತ್ತು. ಗುಡ್ಡದ ಕಾಲಂನಲ್ಲಿ ಇದೇ ಗುಳಿಗೆ ಕೊನೆಯ ಸ್ಥಾನಕ್ಕೆ ಇಳಿಯಿತು. ಖಾಲಿ ಹೊಟ್ಟೆಗೆ ಅದು ಉರಿ ತರುತ್ತದೆ. ಅದಕ್ಕಿಂತ ದೊಡ್ಡ ಆತಂಕವೆಂದರೆ, ಬಿಸಿಲಿನಲ್ಲಿ ಬೆವರಿ ದೇಹದ ನೀರು ಬತ್ತಿರುವಾಗ ಈ ಜಾತಿಯ ನೋವುನಿವಾರಕಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ನಮ್ಮ ಜಿಲ್ಲೆಯ ಬಿಸಿಲಿನಲ್ಲಿ ನಾಲ್ಕು ತಾಸು ನಡೆದವರ ದೇಹ ಯಾವ ಸ್ಥಿತಿಯಲ್ಲಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಟ್ರಿಪ್ಟಾನ್‌ಗಳು. ಇವು ಸಾಮಾನ್ಯ ನೋವಿನ ಗುಳಿಗೆಗಳಲ್ಲ, ಅರೆತಲೆನೋವಿಗೆಂದೇ ಇರುವಂಥವು. ಹಿಗ್ಗಿದ ರಕ್ತನಾಳಗಳನ್ನು ಕುಗ್ಗಿಸಿ, ನೋವಿನ ಸಂಕೇತ ಹರಡುವುದನ್ನು ತಡೆಯುತ್ತವೆ. ರಕ್ತನಾಳ ಕುಗ್ಗಿಸುವ ಈ ಗುಣದಿಂದಾಗಿಯೇ ಹೃದ್ರೋಗಿಗಳಿಗೂ ಪಾರ್ಶ್ವವಾಯು ಆದವರಿಗೂ ಇವನ್ನು ಕೊಡುವುದಿಲ್ಲ. ನಾನು ಸುಮಾಟ್ರಿಪ್ಟಾನ್ 50 ಮಿಲಿಗ್ರಾಂ ಮತ್ತು ರೈಜಾಟ್ರಿಪ್ಟಾನ್ 10 ಮಿಲಿಗ್ರಾಂ ಎರಡನ್ನೂ ಬಳಸಿದ್ದೇನೆ. ಮನೆಯಲ್ಲಿ ಇವೆರಡರ ನಡುವೆ ನನಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗುಡ್ಡದಲ್ಲಿ ಕಂಡಿತು. ಸುಮಾಟ್ರಿಪ್ಟಾನ್ ನುಂಗಿದ ಮುಕ್ಕಾಲು ಗಂಟೆಗೆ ನನ್ನ ಕುತ್ತಿಗೆ ಮತ್ತು ಎದೆಯ ಮೇಲ್ಭಾಗದಲ್ಲಿ ಯಾರೋ ಅಂಗೈ ಒತ್ತಿ ಹಿಡಿದಂಥ ಬಿಗಿತ ಬರುತ್ತಿತ್ತು. ಇದು ಈ ಔಷಧದ ಪರಿಚಿತ ಅಡ್ಡಪರಿಣಾಮ ಎಂದು ವೈದ್ಯರು ಮೊದಲೇ ಹೇಳಿದ್ದರು, ಹಾಸಿಗೆಯಲ್ಲಿ ಮಲಗಿದ್ದಾಗ ಅದನ್ನು ಸಹಿಸಿಕೊಳ್ಳುತ್ತಿದ್ದೆ. ಆದರೆ ಏರುದಾರಿಯಲ್ಲಿ ಏದುಸಿರು ಬಿಡುತ್ತಿರುವಾಗ ಎದೆ ಬಿಗಿದರೆ ಅದು ಔಷಧದ್ದೋ ಹೃದಯದ್ದೋ ಎಂದು ಅಲ್ಲಿ ನಿಂತು ತೀರ್ಮಾನಿಸುವುದು ಹೇಗೆ? ಆ ಸಂಶಯ ನೋವಿಗಿಂತ ಕೆಟ್ಟದ್ದು. ರೈಜಾಟ್ರಿಪ್ಟಾನ್‌ನಲ್ಲಿ ನನಗೆ ಆ ಬಿಗಿತ ತೀರ ಕಡಿಮೆ, ಬದಲಿಗೆ ತುಸು ಮಂಪರು. ಅದು ಬಾಯಲ್ಲೇ ಕರಗುವ ಗುಳಿಗೆಯಾಗಿಯೂ ಸಿಗುವುದರಿಂದ ನೀರು ಮುಗಿದಿದ್ದರೂ, ಒಂದು ಗುಟುಕು ನೀರಿಗೂ ಹೊಟ್ಟೆ ತಿರುವುತ್ತಿದ್ದರೂ ತೆಗೆದುಕೊಳ್ಳಬಹುದು. ಬಾಯಲ್ಲಿ ಕರಗುವುದರಿಂದ ಬೇಗ ಕೆಲಸ ಮಾಡುತ್ತದೆ ಎಂಬ ನಂಬಿಕೆ ಮಾತ್ರ ತಪ್ಪು. ಕರಗಿದ್ದು ಉಗುಳಿನೊಂದಿಗೆ ಹೊಟ್ಟೆಗೇ ಹೋಗಿ ಅಲ್ಲಿಂದ ರಕ್ತಕ್ಕೆ ಸೇರಬೇಕು. ಹಾಗಾಗಿ ನುಂಗುವ ಗುಳಿಗೆಗಿಂತ ಅದು ಚುರುಕಲ್ಲ, ಬರೀ ಅನುಕೂಲ.

ಇವೆರಡರ ವಿಷಯದಲ್ಲೂ ಗುಳಿಗೆ ಯಾವುದು ಎನ್ನುವುದಕ್ಕಿಂತ ಗಳಿಗೆ ಯಾವುದು ಎನ್ನುವುದೇ ಹೆಚ್ಚು ನಿರ್ಣಾಯಕವೆಂದು ನನ್ನ ಪುಸ್ತಕ ಹೇಳುತ್ತದೆ. ಕಣ್ಣಮುಂದೆ ಗೆರೆಗಳು ಆಡುತ್ತಿರುವಾಗ ತೆಗೆದುಕೊಂಡರೆ ಅಷ್ಟೇನೂ ಫಲವಿಲ್ಲ. ಗೆರೆ ಅಳಿದು ನೋವು ಇನ್ನೂ ಸಣ್ಣಗಿರುವಾಗ ತೆಗೆದುಕೊಳ್ಳಬೇಕು. ನಡಿಗೆಯಲ್ಲಿ ನಾವು ಮಾಡುವ ತಪ್ಪು ಇಲ್ಲಿಯೇ: ಮುಂದಿನ ತಿರುವು ದಾಟೋಣ, ಜೊತೆಯವರನ್ನು ನಿಲ್ಲಿಸುವುದು ಬೇಡ ಎಂದು ಒಂದು ಗಂಟೆ ಕಳೆಯುತ್ತೇವೆ, ಅಷ್ಟರಲ್ಲಿ ಜಠರ ಮುಚ್ಚಿಕೊಂಡಿರುತ್ತದೆ.

ಇಲ್ಲಿ ನನ್ನದೇ ಒಂದು ಕಹಿ ಅನುಭವವನ್ನು ಹೇಳಬೇಕು. ಒಮ್ಮೆ ಗುಳಿಗೆ ಮುಗಿದಿತ್ತು, ದಾರಿಯ ಊರಿನ ಔಷಧ ಅಂಗಡಿಯೊಂದರಲ್ಲಿ ಅರೆತಲೆನೋವಿಗೆ ಎಂದು ಕೇಳಿದಾಗ ಚೀಟಿ ಕೇಳದೆ ಎರಡು ಗುಳಿಗೆ ಕತ್ತರಿಸಿ ಕೊಟ್ಟರು. ಒಂದನ್ನು ನುಂಗಿದೆ. ಸಂಜೆ ನೋವು ಮರಳಿದಾಗ ಮನೆಯಲ್ಲಿದ್ದ ಸುಮಾಟ್ರಿಪ್ಟಾನ್ ಕೈಗೆತ್ತಿಕೊಂಡಿದ್ದೆ. ಫಾರ್ಮಸಿ ಓದಿದ ತಂಗಿ ಆ ಕತ್ತರಿಸಿದ ಪಟ್ಟಿಯ ಹಿಂದಿನ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿ ನನ್ನ ಕೈ ಹಿಡಿದಳು. ಅದು ಎರ್ಗೋಟಮಿನ್ ಸೇರಿದ ಗುಳಿಗೆಯಾಗಿತ್ತು. ಅದನ್ನು ತೆಗೆದುಕೊಂಡ 24 ಗಂಟೆಯೊಳಗೆ ಟ್ರಿಪ್ಟಾನ್ ತೆಗೆದುಕೊಳ್ಳಬಾರದು, ಎರಡೂ ಸೇರಿ ರಕ್ತನಾಳಗಳನ್ನು ಅಪಾಯಕಾರಿಯಾಗಿ ಬಿಗಿಯುತ್ತವೆ. ಅಂದಿನಿಂದ ಹೆಸರಿರುವ ಇಡೀ ಪಟ್ಟಿಯನ್ನೇ ಒಯ್ಯುತ್ತೇನೆ, ಬಿಡಿ ಗುಳಿಗೆ ಕೊಳ್ಳುವುದಿಲ್ಲ.

ನೋವು ಬಾರದಂತೆ ನಿತ್ಯ ತೆಗೆದುಕೊಳ್ಳುವ ಔಷಧಗಳಲ್ಲಿ ಮೂರನ್ನು ಒಂದರ ನಂತರ ಒಂದರಂತೆ ಪ್ರಯತ್ನಿಸಿದ್ದೇನೆ. ಫ್ಲುನಾರಿಜಿನ್ ರಾತ್ರಿ ಒಳ್ಳೆಯ ನಿದ್ದೆ ತಂದಿತು, ನೋವಿನ ದಿನಗಳನ್ನೂ ಕಡಿಮೆ ಮಾಡಿತು, ಆದರೆ ಐದು ತಿಂಗಳಲ್ಲಿ ನಾಲ್ಕು ಕಿಲೊ ತೂಕ ಏರಿ ಬೆಳಗಿನ ಜಡತೆ ಹತ್ತು ಗಂಟೆಯವರೆಗೂ ಬಿಡುತ್ತಿರಲಿಲ್ಲ. ಬಿಸಿಲು ಏರುವ ಮುನ್ನ, ಆರು ಗಂಟೆಗೇ ಹೊರಡಬೇಕಾದ ನಮ್ಮ ಕಡೆಯ ನಡಿಗೆಗೆ ಅದು ಹೊಂದಲಿಲ್ಲ. ಎರಡನೆಯದಾದ ಟೋಪಿರಾಮೇಟ್ ನೋವನ್ನು ತಡೆಯುವುದರಲ್ಲಿ ಮೂರರಲ್ಲೇ ಉತ್ತಮವಾಗಿತ್ತು. ಬೆರಳ ತುದಿಗಳಲ್ಲಿ ಜುಮುಜುಮು, ಪಾಠ ಮಾಡುವಾಗ ಗೊತ್ತಿರುವ ಪದವೇ ನಾಲಿಗೆಗೆ ಬಾರದೆ ನಿಲ್ಲುವುದು, ಇವನ್ನೆಲ್ಲ ಸಹಿಸಿದೆ. ಅದನ್ನು ಬಿಡಿಸಿದ್ದು ಬೇರೆಯೇ ಸಂಗತಿ. ಟೋಪಿರಾಮೇಟ್ ಕೆಲವರಲ್ಲಿ ಬೆವರುವುದನ್ನು ತಗ್ಗಿಸುತ್ತದೆ. ಬೆವರದ ದೇಹ ಬಿಸಿಲಿನಲ್ಲಿ ತಣಿಯುವುದಿಲ್ಲ. ಏಪ್ರಿಲ್‌ನ ಒಂದು ಬೆಳಿಗ್ಗೆ ಬಾದಾಮಿಯ ಉತ್ತರ ಕೋಟೆಯ ಮೆಟ್ಟಿಲೇರಿದಾಗ ಜೊತೆಯವರ ಅಂಗಿ ಒದ್ದೆಯಾಗಿತ್ತು, ನನ್ನ ಹಣೆ ಒಣಗಿ ಬಿಸಿಯಾಗಿತ್ತು. ಅಲ್ಲಿಂದಲೇ ಕೆಳಗಿಳಿದು ಅಗಸ್ತ್ಯ ತೀರ್ಥದ ದಂಡೆಯಲ್ಲಿ ಕುಳಿತು ತಲೆಗೆ ನೀರು ಹಾಕಿಕೊಂಡೆ. ತಣ್ಣನೆಯ ಊರಿನವರಿಗೆ ಬಹುಶಃ ಇದು ಗಮನಕ್ಕೇ ಬಾರದು, ವಿಜಯಪುರ, ಬಾಗಲಕೋಟೆಯಲ್ಲಿ ಬದುಕುವವರು ವೈದ್ಯರೊಂದಿಗೆ ಈ ಮಾತನ್ನು ಎತ್ತಲೇಬೇಕು.

ಈಗ ಪ್ರೊಪ್ರನೊಲಾಲ್ ಮೇಲಿದ್ದೇನೆ. ಅದು ನಾಡಿಯನ್ನು ಏರಗೊಡುವುದಿಲ್ಲ, ಆದ್ದರಿಂದ ಕಡಿದಾದ ಏರಿನಲ್ಲಿ ಮೊದಲಿನ ವೇಗ ಸಾಧ್ಯವಿಲ್ಲ. ಸಮತಟ್ಟಿನಲ್ಲಿ ಏನೂ ಅನಿಸುವುದಿಲ್ಲ. ವೇಗ ಬಿಟ್ಟುಕೊಟ್ಟು ತಿಂಗಳಿಗೆ ಏಳು ನೋವಿನ ದಿನಗಳನ್ನು ಮೂರಕ್ಕೆ ಇಳಿಸಿಕೊಂಡದ್ದು ನನ್ನ ಮಟ್ಟಿಗೆ ಲಾಭದ ವ್ಯಾಪಾರ. ಪ್ರೊಪ್ರನೊಲಾಲ್ ದೇಹದಲ್ಲಿ ರೈಜಾಟ್ರಿಪ್ಟಾನ್‌ನ ಪ್ರಮಾಣವನ್ನು ಹೆಚ್ಚಿಸುವುದರಿಂದ, ವೈದ್ಯರು ನನ್ನ ರೈಜಾಟ್ರಿಪ್ಟಾನ್ ಅನ್ನು 10ರಿಂದ 5 ಮಿಲಿಗ್ರಾಂಗೆ ಇಳಿಸಿದ್ದಾರೆ. ಎರಡು ಬೇರೆ ಬೇರೆ ವೈದ್ಯರಿಂದ ಇವೆರಡನ್ನು ಬರೆಸಿಕೊಂಡವರು ಇದನ್ನು ತಪ್ಪದೆ ವಿಚಾರಿಸಬೇಕು.

ನುಂಗದ ಉಪಾಯಗಳಲ್ಲಿ ಅತಿ ಹೆಚ್ಚು ಅಂಕ ಪಡೆದದ್ದು ಒದ್ದೆ ಬಟ್ಟೆ. ಮನೆಯಲ್ಲಿ ಫ್ರಿಜ್ಜಿನ ಮಂಜುಗಡ್ಡೆಯನ್ನು ಟವೆಲ್ಲಿನಲ್ಲಿ ಸುತ್ತಿ ಕುತ್ತಿಗೆಯ ಹಿಂದೆ ಇಟ್ಟುಕೊಳ್ಳುವುದು ಅದಕ್ಕಿಂತ ಮೇಲು. ಗುಡ್ಡದಲ್ಲಿ ಹತ್ತಿಯ ಪಂಚೆ ತುಂಡನ್ನು ತೋಯಿಸಿ ಕುತ್ತಿಗೆಗೆ ಸುತ್ತಿಕೊಂಡರೆ, ಬಾದಾಮಿಯ ಒಣ ಗಾಳಿಗೆ ಅದು ಹತ್ತು ನಿಮಿಷದಲ್ಲಿ ಮಡಕೆಯ ನೀರಿನಷ್ಟು ತಣ್ಣಗಾಗುತ್ತದೆ. ಅದೇ ಬಟ್ಟೆ ಖಾನಾಪುರ ತಾಲ್ಲೂಕಿನ ಜಾಂಬೋಟಿಯ ಸುತ್ತಿನ ಕಾಡಿನಲ್ಲಿ, ಆಗಸ್ಟಿನ ತೇವದಲ್ಲಿ, ತೋಯಿಸಿದಷ್ಟೇ ಬೆಚ್ಚಗೆ ಉಳಿಯಿತು. ನೀರು ಆವಿಯಾದರೆ ತಾನೇ ತಂಪು? ಪಶ್ಚಿಮ ಘಟ್ಟದ ಮಳೆಗಾಲದಲ್ಲಿ ಹರಿಯುವ ಹಳ್ಳದಲ್ಲಿ ಬಟ್ಟೆಯನ್ನು ಮತ್ತೆ ಮತ್ತೆ ಅದ್ದಬೇಕಾಯಿತು. ನೋವಿನ ಮುಲಾಮು ಮನೆಯಲ್ಲಿ ಹಿತ, ನಡಿಗೆಯಲ್ಲಿ ಅದರ ವಾಸನೆ ವಾಕರಿಕೆಯನ್ನು ಹೆಚ್ಚಿಸಿತು, ಬೆವರಿನೊಂದಿಗೆ ಕಣ್ಣಿಗಿಳಿಯಿತು. ಶುಂಠಿ ಮತ್ತು ಬೆಲ್ಲದ ಉಂಡೆ ನೋವನ್ನು ನಿಲ್ಲಿಸಲಿಲ್ಲ, ಆದರೆ ಹೊಟ್ಟೆಯನ್ನು ಹದದಲ್ಲಿಟ್ಟಿತು.

ಕುಡಿಯುವುದರಲ್ಲಿ ಮಜ್ಜಿಗೆ, ಬರೀ ನೀರು, ಓಆರ್‌ಎಸ್ ಮೂರನ್ನೂ ಹೋಲಿಸಿದೆ. ಉಪ್ಪು, ಜೀರಿಗೆ ಹಾಕಿದ ಮಜ್ಜಿಗೆಯಷ್ಟು ಒಗ್ಗುವುದು ಬೇರೊಂದಿಲ್ಲ, ಆದರೆ ಹನ್ನೊಂದು ಗಂಟೆಗೆ ಅದು ಹುಳಿಯಾಗುತ್ತದೆ. ಬರೀ ನೀರು ಎಷ್ಟು ಕುಡಿದರೂ ಬೆವರಿನಲ್ಲಿ ಹೋದ ಉಪ್ಪು ಮರಳುವುದಿಲ್ಲ. ಹಾಗಾಗಿ ಮೂರು ಲೀಟರಿನಲ್ಲಿ ಒಂದು ಲೀಟರಿಗೆ ಓಆರ್‌ಎಸ್ ಬೆರೆಸುತ್ತೇನೆ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ ಲೆಕ್ಕ ಹಾಕಿದ್ದು, ಅರ್ಧ ಲೀಟರ್ ಬಾಟಲಿಗೆ ಸುರಿಯುವವರನ್ನು ನೋಡಿದ್ದೇನೆ, ಅದು ತಪ್ಪು. ಊಟ ತಪ್ಪಿಸುವುದು ನನ್ನ ನೋವಿಗೆ ನಿಶ್ಚಿತ ಆಹ್ವಾನ. ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ಕೆಡುವುದಿಲ್ಲ, ವಾಸನೆಯಿಲ್ಲ, ಎರಡು ಗಂಟೆಗೊಮ್ಮೆ ಒಂದು ತುಂಡು ಮುರಿದು ತಿನ್ನಬಹುದು. ಬಿಸ್ಕತ್ತು, ಚಾಕೊಲೇಟು ಇದರ ಹತ್ತಿರವೂ ಬರಲಿಲ್ಲ.

ಎರಡು ದಿನದ ನಡಿಗೆಗೆ ಒಯ್ದ ಬೆನ್ನಚೀಲಗಳ ಹೋಲಿಕೆಯೂ ಪುಸ್ತಕದಲ್ಲಿದೆ. ಒಂಬತ್ತು ಕಿಲೊ ಭಾರ ಭುಜಪಟ್ಟಿಗಳ ಮೇಲೆಯೇ ಬಿದ್ದಾಗ ಸಂಜೆಗೆ ಕುತ್ತಿಗೆ ಕಲ್ಲಾಗಿ ರಾತ್ರಿ ನೋವು ಬಂತು. ಸೊಂಟದ ಪಟ್ಟಿ ಇರುವ ಚೀಲದಲ್ಲಿ ಅದೇ ಭಾರ ಸೊಂಟಕ್ಕಿಳಿದು ರಾತ್ರಿ ಸುಖವಾಗಿ ಕಳೆಯಿತು. ಅಗಲ ಅಂಚಿನ ಟೋಪಿ ಕರಿ ಕನ್ನಡಕಕ್ಕಿಂತ ಹೆಚ್ಚು ಉಪಕರಿಸಿತು. ಕನ್ನಡಕವನ್ನು ಬಿಸಿಲಿಗೆ ಮಾತ್ರ ಹಾಕಿಕೊಳ್ಳಬೇಕು. ಮನೆಯೊಳಗೂ ಹಾಕಿಕೊಂಡ ತಿಂಗಳುಗಳಲ್ಲಿ ನನ್ನ ಕಣ್ಣು ಟ್ಯೂಬ್‌ಲೈಟನ್ನೂ ತಾಳದಂತಾಯಿತು.

ಲೆಕ್ಕ ತಪ್ಪಬಾರದ ಇನ್ನೊಂದು ಕಾಲಂ ಗುಳಿಗೆ ನುಂಗಿದ ದಿನಗಳದ್ದು. ಟ್ರಿಪ್ಟಾನ್ ತಿಂಗಳಿಗೆ ಹತ್ತು ದಿನ, ಸಾಮಾನ್ಯ ನೋವಿನ ಗುಳಿಗೆ ಹದಿನೈದು ದಿನ ಮುಟ್ಟಿ, ಅದು ಮೂರು ತಿಂಗಳು ಮೀರಿ ಮುಂದುವರಿದರೆ ಗುಳಿಗೆಯೇ ತಲೆನೋವು ತರತೊಡಗುತ್ತದೆ. ನಡಿಗೆಗೆ ಮುಂಚೆಯೇ ಇರಲಿ ಎಂದು ನೋವಿಲ್ಲದೆ ನುಂಗಿದ ಗುಳಿಗೆಯೂ ಇದರಲ್ಲಿ ಸೇರುತ್ತದೆ. ಎಲ್ಲ ತಲೆನೋವೂ ಅರೆತಲೆನೋವಲ್ಲ ಎಂಬುದನ್ನು ಜೊತೆಯವರಿಗೂ ಹೇಳಿಟ್ಟಿದ್ದೇನೆ: ಸಿಡಿಲು ಬಡಿದಂತೆ ಒಮ್ಮೆಲೇ ಬಂದ ನೋವು, ಜ್ವರದೊಂದಿಗೆ ಸೆಟೆದ ಕುತ್ತಿಗೆ, ಒಂದು ಕೈ ಅಥವಾ ಕಾಲಿನ ಬಲ ಕುಂದುವುದು, ಬಿಸಿಲಿನಲ್ಲಿ ಮಾತು ತೊದಲಿ ಗೊಂದಲಗೊಳ್ಳುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ನನ್ನ ಗುಳಿಗೆ ಹುಡುಕದೆ ನನ್ನನ್ನು ಆಸ್ಪತ್ರೆಗೆ ಸಾಗಿಸಬೇಕು.

ಕಳೆದ ಡಿಸೆಂಬರಿನಲ್ಲಿ ಅದೇ ಮಹಾಕೂಟದ ದಾರಿಯಲ್ಲಿ ಗೆರೆಗಳು ಮತ್ತೆ ಮೂಡಿದವು. ನೋಟ ಮರಳುವವರೆಗೆ ಬಂಡೆಯ ನೆರಳಿನಲ್ಲಿ ಕುಳಿತೆ, ನೋವಿನ ಮೊದಲ ಮಿಡಿತಕ್ಕೆ ರೈಜಾಟ್ರಿಪ್ಟಾನ್ ಅನ್ನು ನಾಲಿಗೆಯ ಮೇಲಿಟ್ಟು, ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿ, ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿದೆ. ತಮ್ಮ ಏನೂ ಕೇಳದೆ ಚೀಲ ಹೊತ್ತುಕೊಂಡ. ಒಂದೂ ಕಾಲು ಗಂಟೆಯ ನಂತರ ಎದ್ದು ನಿಧಾನವಾಗಿ ಇಳಿದು, ಮಹಾಕೂಟದ ಪುಷ್ಕರಣಿಯ ಮೆಟ್ಟಿಲಲ್ಲಿ ಕುಳಿತು ಕಾಲು ಇಳಿಬಿಟ್ಟೆವು. ಮಧ್ಯಾಹ್ನ ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕುಳಿತ ಅಜ್ಜಿಯೊಬ್ಬರು ನನ್ನ ಮುಖ ನೋಡಿ, "ಯಾಕವ್ವಾ, ತಲಿ ಹಿಡದೈತೇನು? ಬಿಸಲಾಗ ನಿಂದರಬ್ಯಾಡ, ಇಲ್ಲಿ ನೆರಳಾಗ ಕುಂದರು" ಎಂದು ಜಾಗ ಮಾಡಿಕೊಟ್ಟರು. ರೊಟ್ಟಿ, ಪುಂಡಿ ಪಲ್ಯ, ಗಟ್ಟಿ ಮೊಸರು ಬಡಿಸಿಕೊಂಡು ಹೊಟ್ಟೆ ತುಂಬ ಉಂಡೆ.