ಬೂತಾಯಿಯೋ, ಅಂಜಲೋ?

ಮಂಗಳೂರಿನ ಮೀನು ಮಾರ್ಕೆಟ್‌ನಲ್ಲಿ ನಿಂತಾಗ ನಾವು ಜೇಬನ್ನೂ ನಾಲಿಗೆಯನ್ನೂ ಕೇಳುತ್ತೇವೆ. ಒಮ್ಮೆ ಕಡಲನ್ನೂ ಕೇಳಬಹುದು, ಅಲ್ವಾ?

ಬೂತಾಯಿ, ಅಂದರೆ ಸಾರ್ಡೀನ್, ಬೇಗ ಬೆಳೆಯುತ್ತದೆ. ಹೆಚ್ಚುಕಮ್ಮಿ ವರ್ಷದೊಳಗೆ ಮೊಟ್ಟೆಗೆ ಬರುತ್ತದೆ. ತಿನ್ನುವುದು ಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದಂಥ ಜೀವಿಗಳು. ಹಿಡಿದರೂ ಮತ್ತೆ ತುಂಬಿಕೊಳ್ಳುವ ಶಕ್ತಿ ಅದಕ್ಕೆ ಜಾಸ್ತಿ. ಹಾಗಂತ ಲೆಕ್ಕ ಮರೆಯುವಂತಿಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್! ಸಮುದ್ರದ ಬಿಸಿ, ಮಳೆ ಬದಲಾದರೆ ಈ ಮೀನು ಹೀಗೆ ಮಾಯವಾಗುತ್ತದೆ. ಮರಿಗಳನ್ನೇ ಬಾಚಿ ಫಿಶ್‌ಮೀಲ್ (ಮೀನಿನ ಪುಡಿ) ಕಾರ್ಖಾನೆಗೆ ಸಾಗಿಸಿದರೆ ಚೇತರಿಕೆ ಇನ್ನೂ ನಿಧಾನ.

ಅಂಜಲ್, ಅಂದರೆ ಕಿಂಗ್‌ಫಿಶ್, ಬೇಟೆಗಾರ. ಬೂತಾಯಿಯಂಥವನ್ನು ನುಂಗಿಯೇ ದೊಡ್ಡದಾಗುತ್ತದೆ. ಮೊದಲ ಸಲ ಮೊಟ್ಟೆ ಇಡುವ ಹೊತ್ತಿಗೆ ಅದರ ಉದ್ದ ಸುಮಾರು 70 ಸೆಂಟಿಮೀಟರ್. ತವಾದಲ್ಲಿ ಇಡಿಯಾಗಿ ಹಿಡಿಸುವ ಮರಿ ಅಂಜಲ್ ಕಂಡರೆ, ಅದು ಒಮ್ಮೆಯೂ ಮೊಟ್ಟೆ ಇಟ್ಟಿಲ್ಲ ಅಂತಲೇ ಅರ್ಥ. ಅಗ್ಗಕ್ಕೆ ಸಿಕ್ಕರೂ ಬೇಡ.

ದಿನದ ಸಾರಿಗೆ ನನ್ನ ಮತ ಬೂತಾಯಿಗೆ. ಮನೆಗೆ ನೆಂಟರು ಬಂದ ದಿನ ದೊಡ್ಡ ಅಂಜಲ್‌ನ ನಾಲ್ಕು ತುಂಡು ಸಾಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಆಗ ನಾಡದೋಣಿಯವರು ತಂದದ್ದನ್ನು ಕೊಳ್ಳಿ. ಅದೂ ಇಲ್ಲದ ದಿನ ಒಣಮೀನು ಚಟ್ನಿ ಇದ್ದೇ ಇದೆ.